ಬಾಯಿ ನೋಡುವ ಕೆಲಸ

ಎರಡೇ ಮಾತಿನ ಕೆಲಸ ಅದು. ಇಲ್ಲ. ಇದೆ. ಅಷ್ಟೆ.

ಸಂಜೆ ಕೆಲಸ ಬಿಡುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ ಕುರ್ಚಿ ಹಾಕಿಕೊಂಡು ಕೂರಬೇಕು. ಪಕ್ಕದಲ್ಲಿ ನೀರಿನ ಡ್ರಮ್ಮು, ಅದರ ಮೇಲೊಂದು ಚೊಂಬು. ಮುಂದೆ ಸ್ಟೂಲಿನ ಮೇಲೆ ಕಪ್ಪು ಬೋಗುಣಿ. ದಿನವಿಡೀ ಕಡಲೆಕಾಯಿ ಸುಲಿದ ಹೆಂಗಸರು ಸಾಲಾಗಿ ಬರುತ್ತಾರೆ. ಒಬ್ಬೊಬ್ಬರೂ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಬೋಗುಣಿಗೆ ಉಗಿಯಬೇಕು. ಅತ್ತಿಗೆ ಬಗ್ಗಿ ಆ ಉಗುಳನ್ನು ನೋಡಬೇಕು. ಬಿಳಿ ಚೂರು ಕಾಣದಿದ್ದರೆ “ಇಲ್ಲ” ಅನ್ನಬೇಕು. ಕಂಡರೆ “ಇದೆ” ಅನ್ನಬೇಕು. ಅನುಮಾನ ಬಂದರೆ ಬಾಯಿ ತೆರೆಸಿ ಹಲ್ಲಿನ ಸಂದಿ, ನಾಲಿಗೆಯ ಅಡಿ ನೋಡಬೇಕು. ಬೋಗುಣಿ ಕಪ್ಪಗಿದ್ದದ್ದು ಸುಮ್ಮನೆ ಅಲ್ಲ. ಕಪ್ಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ ಅಂತ ಸಾಹುಕಾರ ಅಂಗಡಿ ಅಂಗಡಿ ತಿರುಗಿ ತಂದಿದ್ದ. ಇಂಥದ್ದಕ್ಕೆಲ್ಲ ಅವನ ತಲೆ ಬಹಳ ಚುರುಕು.

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಅವಳ ಗಂಡನ ತಂಗಿ ಪಕ್ಕದಲ್ಲೇ ಕೂತು ಸುಲಿಯುತ್ತ ದಿನವಿಡೀ “ಅತ್ತಿಗೆ, ಅತ್ತಿಗೆ” ಅನ್ನುತ್ತಿದ್ದಳು. ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಹತ್ತಿತು. ಅವಳ ತಾಯಿಯ ವಯಸ್ಸಿನ ಗೊಣಗಜ್ಜಿ ಕೂಡ ಅತ್ತಿಗೆ ಅನ್ನುತ್ತಿದ್ದಳು. ಕುರ್ಚಿಗೆ ಕೂತ ಮೇಲೆ ಆ ಹೆಸರು ಹೋಯಿತು. ಬೆನ್ನ ಹಿಂದೆ ಬೋಗುಣಿಯಮ್ಮ ಅನ್ನತೊಡಗಿದರು. ಕೆಲವರು ಮುಖದ ಮುಂದೆಯೇ ಅಂದರು. ನಾದಿನಿ ಒಬ್ಬಳು ಮಾತ್ರ ಆಗ ಹಳೆಯ ಹೆಸರು ಬಿಡಲಿಲ್ಲ.

ಕುರ್ಚಿಯನ್ನು ಅವಳೇನೂ ಕೇಳಿ ತೆಗೆದುಕೊಂಡದ್ದಲ್ಲ. ಅವಳ ಹೆಬ್ಬೆರಳು ಅವಳನ್ನು ಅಲ್ಲಿಗೆ ತಂದು ಕೂರಿಸಿತ್ತು.

ಬಿತ್ತನೆ ಬೀಜಕ್ಕೆ ಮಿಷನ್ ಆಗುವುದಿಲ್ಲ. ಮಿಷನ್ನಿಗೆ ಹಾಕಿದರೆ ಬೀಜ ಹೋಳಾಗುತ್ತದೆ, ಮೇಲಿನ ಕೆಂಪು ಸಿಪ್ಪೆ ಹರಿಯುತ್ತದೆ. ಹರಿದ ಬೀಜ ಮಣ್ಣಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಆದ್ದರಿಂದ ಕೈಯೇ ಆಗಬೇಕು. ಕಾಯಿಯ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಟಪ್ ಅನ್ನುತ್ತದೆ. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಮತ್ತೆ ಒತ್ತಬೇಕು. ಬೆಳಗಿನಿಂದ ಸಂಜೆವರೆಗೆ ಒತ್ತಬೇಕು. ಮೊದಲು ಬೆರಳು ಕೆಂಪಗಾಗುತ್ತದೆ. ಆಮೇಲೆ ಚರ್ಮ ಬಿರಿಯುತ್ತದೆ. ಬಿರುಕಿಗೆ ಸಿಪ್ಪೆಯ ಧೂಳು ಹೋಗಿ ಕೀವಾಗುತ್ತದೆ. ಕೊನೆಗೆ ಒಂದು ದಿನ ಉಗುರು ಕಳಚಿ ಕಾಯಿಯ ರಾಶಿಯಲ್ಲಿ ಬೀಳುತ್ತದೆ. ಅತ್ತಿಗೆಯ ಉಗುರು ಬಿದ್ದಾಗ ಅವಳು ಅದನ್ನೂ ಸಿಪ್ಪೆ ಅಂತ ತಿಳಿದು ಪಕ್ಕಕ್ಕೆ ಎಸೆದಿದ್ದಳು. ನಾದಿನಿ ಹೆಕ್ಕಿ ತೋರಿಸಿದಳು. ಇಬ್ಬರೂ ನಕ್ಕಿದ್ದರು. ಆಗ ನಗು ಬರುತ್ತಿತ್ತು.

ಉಗುರಿಲ್ಲದವರು ಹಲ್ಲು ಹಚ್ಚುತ್ತಾರೆ. ಗಟ್ಟಿ ಕಾಯಿಯನ್ನು ದವಡೆ ಹಲ್ಲಿಗೆ ಕೊಟ್ಟು ಮೆಲ್ಲಗೆ ಒತ್ತಿದರೆ ಸಿಪ್ಪೆ ಬಾಯಿಬಿಡುತ್ತದೆ. ಅತ್ತಿಗೆ ಆ ಉಪಾಯವನ್ನು ತಾನೇ ಕಂಡುಕೊಂಡಿದ್ದಳು. ನಾದಿನಿಯ ಬೆರಳು ಮೊದಲ ಸಲ ಊದಿಕೊಂಡಾಗ ಅವಳಿಗೂ ಕಲಿಸಿದಳು. “ಹಲ್ಲಿಗೆ ಕೊಡು. ಬೀಜ ಮಾತ್ರ ನಾಲಿಗೆಗೆ ತಾಗಿಸ್ಬೇಡ. ತಾಗಿದ್ರೆ ಆಸೆ ಆಗುತ್ತೆ.”

ಆಸೆ ಆಗದೆ ಇರುತ್ತದೆಯೇ? ಬೆಳಿಗ್ಗೆ ಅರೆಹೊಟ್ಟೆಯಲ್ಲಿ ಬಂದವರು. ತೊಡೆಯೆತ್ತರ ಬೀಜದ ರಾಶಿ. ಮೂಗಿಗೆ ಅದರದ್ದೇ ವಾಸನೆ. ಆ ಗಿಡ ನೆಟ್ಟವರೂ ಅವರೇ, ನೇಗಿಲ ಹಿಂದೆ ಬಗ್ಗಿ ಒಂದೊಂದೇ ಬೀಜ ಬಿಟ್ಟವರು. ಕಳೆ ಕಿತ್ತವರೂ ಅವರೇ. ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಬಿಡಿಸಿದವರೂ ಅವರೇ. ಬಾಯಿಗೆ ಹಾಕಿಕೊಳ್ಳುವ ಹಕ್ಕು ಮಾತ್ರ ಅವರದ್ದಲ್ಲ.

ಸಾಹುಕಾರನಿಗೆ ಒಂದು ಮಾತು ಹೇಳುವ ಚಟ. ಯಾರೇ ಬೀಜ ಕೊಳ್ಳಲು ಬರಲಿ, ಶೆಡ್ಡಿನ ನಡುವೆ ನಿಲ್ಲಿಸಿಕೊಂಡು ಹೇಳುತ್ತಿದ್ದ. “ಕಡಲೆಕಾಯಲ್ಲಿ ಬಿಸಾಕೋದು ಅನ್ನೋದೇ ಇಲ್ಲ ನೋಡಿ. ಒಳ್ಳೇ ಬೀಜ ಬಿತ್ತನೆಗೆ. ಒಡಕು ಎಣ್ಣೆಗೆ. ಹಿಂಡಿ ಹಸುಗಳಿಗೆ. ಬಳ್ಳಿ ಮೇವಿಗೆ. ಸಿಪ್ಪೆ ಮಿಲ್ಲಿನ ಬಾಯ್ಲರ್‌ಗೆ. ತಳದಲ್ಲಿ ಉಳಿದ ಗಸಿ ಇದೆಯಲ್ಲ, ಅದನ್ನೂ ಸೋಪು ಮಾಡೋರು ಒಯ್ತಾರೆ.” ಅವನ ಹಸುಗಳು ಹಿಂಡಿ ತಿಂದು ಮೈ ಮಿರಿಮಿರಿ ಮಿಂಚುತ್ತಿದ್ದವು. ಅವುಗಳ ಬಾಯಿಯನ್ನು ಯಾರೂ ಮುಕ್ಕಳಿಸಿ ನೋಡುತ್ತಿರಲಿಲ್ಲ.

ಅತ್ತಿಗೆಯ ಬೆರಳು ಕೊಳೆತು ಕೈ ಮೊಣಕೈವರೆಗೂ ಊದಿದಾಗ ಮೇಸ್ತ್ರಿ ಬಂದು ನಿಂತ. “ನಿನ್ನ ಕೈಲಿ ಇನ್ನು ಸುಲಿಯೋದು ಆಗಲ್ಲ. ಬಾಗಿಲಲ್ಲಿ ಕೂತು ಬಾಯಿ ನೋಡೋ ಕೆಲಸ ಇದೆ. ನಾನು ನೋಡಿದ್ರೆ ಹೆಂಗಸ್ರು ರಂಪ ಮಾಡ್ತಾರೆ. ನೀನಾದ್ರೆ ಹೆಂಗಸು. ಬರ್ತೀಯೋ, ಮನೆಗೆ ಹೋಗ್ತೀಯೋ?” ಅಂದ.

ಅವಳು ಬಂದಳು. ನಾನು ಒಪ್ಪದಿದ್ದರೆ ಇನ್ಯಾರೋ ಒಪ್ಪುತ್ತಾರೆ ಅಂದುಕೊಂಡಳು. ನಾನಾದರೆ ಸ್ವಲ್ಪ ಕಣ್ಣುಮುಚ್ಚಿ ಬಿಟ್ಟೇನು ಅಂದುಕೊಂಡಳು. ಇಂಥ ಕುರ್ಚಿಗೆ ಕೂರುವ ಮೊದಲು ಎಲ್ಲರೂ ಅಂದುಕೊಳ್ಳುವುದು ಇದನ್ನೇ.

ಮೊದಮೊದಲು ಬಿಟ್ಟದ್ದೂ ನಿಜ. ಬೋಗುಣಿಯಲ್ಲಿ ಬಿಳಿ ಕಂಡರೂ ಬೆರಳಿನಿಂದ ನೀರು ಕದಡಿ “ಇಲ್ಲ” ಅನ್ನುತ್ತಿದ್ದಳು. ಹೆಂಗಸರೂ ಅವಳನ್ನು ಕೀಟಲೆ ಮಾಡಿಯೇ ಬಾಯಿ ತೆರೆಯುತ್ತಿದ್ದರು. “ನನ್ನ ಗಂಡ ಕೂಡ ಇಷ್ಟು ಹತ್ತಿರ ಬಂದು ನೋಡಿಲ್ಲ ಕಣೇ” ಅಂತ ಒಬ್ಬಳು. “ನೋಡಿದ್ರೆ ಓಡಿಹೋಗ್ತಿದ್ದ ಬಿಡು” ಅಂತ ಹಿಂದಿನವಳು. ಗೊಣಗಜ್ಜಿಯ ಬಾಯಲ್ಲಿ ಉಳಿದಿದ್ದದ್ದು ಮುಂದಿನ ಎರಡು ಹಲ್ಲು. ಅವಳು ಬಾಯಿ ಅಗಲಿಸಿ, “ಬಾಗಿಲು ತೆಗೆದಿದೆ, ಒಳಗೆ ಯಾರೂ ಇಲ್ಲ, ನೋಡ್ಕೊಂಡು ಹೋಗು” ಅನ್ನುತ್ತಿದ್ದಳು. ಸಾಲು ಗೊಳ್ಳೆನ್ನುತ್ತಿತ್ತು.

ನಾದಿನಿ ಆಗ ಬಸುರಿ. ಗಂಡ ಹಿಂಡಿಯ ಲಾರಿ ಮೇಲೆ ಹೋದವನು ಯಾವಾಗ ಬರುತ್ತಾನೋ ಹೇಳುವಂತಿರಲಿಲ್ಲ. ಅವಳು ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಒಂದೇ ಕೋಣೆ, ಒಂದೇ ಒಲೆ. ಅಣ್ಣ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಮಕ್ಕಳಿಲ್ಲದ ಅತ್ತಿಗೆ ಚಿಕ್ಕಂದಿನಿಂದ ಅವಳ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಎದ್ದು ಕೂತವಳು. ಹುಟ್ಟುವ ಮಗು ತನ್ನದೇ ಅನ್ನುವ ಹಾಗೆ ಓಡಾಡುತ್ತಿದ್ದಳು. ಅದಕ್ಕೇ ಆಮೇಲೆ ತಾನು ಮಾಡಿದ್ದು ಅವಳ ಎದೆಯ ಮೇಲೆ ಬಂಡೆಯ ಹಾಗೆ ಕೂತುಬಿಟ್ಟಿತು.

ಒಂದು ಮಧ್ಯಾಹ್ನ ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದ. “ಏನೇ, ನಿಮ್ಮ ಮನೆಯವಳನ್ನ ಹಾಗೇ ಬಿಟ್ಟುಬಿಡ್ತೀಯಂತೆ? ಸಾಹುಕಾರ್ರ ಕಿವಿಗೆ ಬಿದ್ದಿದೆ. ಇವತ್ತು ಸಂಜೆ ಅವರೇ ಬರ್ತಾರೆ. ಹುಷಾರು.”

ಸಂಜೆ ಸಾಹುಕಾರ ಬಂದ. ಕುರ್ಚಿಯ ಹಿಂದೆಯೇ ನಿಂತ. ಅವನ ಅಂಗಿಯ ಅತ್ತರಿನ ವಾಸನೆ ಅತ್ತಿಗೆಯ ಕತ್ತಿಗೆ ತಾಗುತ್ತಿತ್ತು. ಸಾಲು ಸದ್ದಿಲ್ಲದೆ ಮುಂದೆ ಬಂತು. ಇಲ್ಲ. ಇಲ್ಲ. ಇಲ್ಲ. ಯಾರೂ ಕೀಟಲೆ ಮಾಡಲಿಲ್ಲ. ಗೊಣಗಜ್ಜಿಯೂ ತೆಪ್ಪಗೆ ಉಗಿದು ಹೋದಳು.

ನಾದಿನಿಯ ಸರದಿ ಬಂತು. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ದಿನವಷ್ಟೇ ಅವಳ ಉಗುರು ಕಳಚಿತ್ತು. ಆ ಬಟ್ಟೆ ಕಟ್ಟಿದವಳೂ ಅತ್ತಿಗೆಯೇ. ಅವಳು ನೀರು ಮುಕ್ಕಳಿಸಿ ಬೋಗುಣಿಗೆ ಉಗಿದಳು. ಕಪ್ಪಿನ ಮೇಲೆ ಬಿಳಿ ಚೂರು. ಜೊತೆಗೆ ಸಿಪ್ಪೆಯ ಪುಡಿ, ಒಂದು ಎಳೆ ರಕ್ತ. ಹಲ್ಲಿನಲ್ಲಿ ಒಡೆದವರ ಉಗುಳು ಹಾಗೇ ಇರುತ್ತದೆ. ತಿಂದವರ ಉಗುಳಲ್ಲಿ ಹೊರಗಿನ ಸಿಪ್ಪೆ ಇರುವುದಿಲ್ಲ. ಅತ್ತಿಗೆಗೆ ಅದು ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ನಾದಿನಿ ತಲೆಯೆತ್ತಿ ಅವಳನ್ನು ನೋಡಿದಳು. ಹೆದರಿಕೆಯಿಲ್ಲದ ನೋಟ. ಎದುರಿಗೆ ಕೂತವಳು ಅತ್ತಿಗೆ ತಾನೇ ಅನ್ನುವ ನೋಟ.

ಹಿಂದೆ ಸಾಹುಕಾರ ಗಂಟಲು ಸರಿಮಾಡಿಕೊಂಡ.

“ಇದೆ” ಅಂದಳು ಅತ್ತಿಗೆ.

ನಾದಿನಿಗೆ ಅರ್ಥವಾಗಲಿಲ್ಲ. ಇನ್ನೂ ಹಾಗೇ ನೋಡುತ್ತ ನಿಂತಿದ್ದಳು. ಮೇಸ್ತ್ರಿ ಅವಳ ರಟ್ಟೆ ಹಿಡಿದಾಗ ಮುಖ ಬದಲಾಯಿತು.

“ತಿಂದಿಲ್ಲ ಸಾಹುಕಾರ್ರೆ! ಬೆರಳು ನೋಡಿ, ಉಗುರೇ ಇಲ್ಲ. ಹಲ್ಲಲ್ಲಿ ಒಡೆದೆ ಅಷ್ಟೇ. ಅತ್ತಿಗೆ, ಹೇಳೇ! ನೀನೇ ತಾನೇ…” ಅಂದವಳು ಅಲ್ಲಿಗೇ ನಿಲ್ಲಿಸಿದಳು. ‘ನೀನೇ ತಾನೇ ಕಲಿಸಿದ್ದು’ ಅಂದಿದ್ದರೆ ಅತ್ತಿಗೆಯ ಕುರ್ಚಿ ಅಲ್ಲೇ ಹೋಗುತ್ತಿತ್ತು. ರಟ್ಟೆ ಮೇಸ್ತ್ರಿಯ ಕೈಯಲ್ಲಿದ್ದಾಗಲೂ ಹುಡುಗಿ ಅತ್ತಿಗೆಯನ್ನು ಉಳಿಸಿದಳು. ಅತ್ತಿಗೆ ಬೋಗುಣಿಯ ನೀರನ್ನು ಮೋರಿಗೆ ಚೆಲ್ಲಿ, ಚೊಂಬಿನಿಂದ ತೊಳೆದು, “ಮುಂದೆ ಬನ್ನಿ” ಅಂದಳು. ಅವಳ ಬಾಯಿಂದ ಆ ಮಾತು ಹೇಗೆ ಬಂತೋ ಅವಳಿಗೇ ತಿಳಿಯದು.

ಸಿಕ್ಕಿಬಿದ್ದವರಿಗೆ ಶಿಕ್ಷೆ ಅಂಗಳದಾಚೆಯ ಎಣ್ಣೆ ಮಿಲ್ಲಿನ ಬಾಯ್ಲರ್ ಕೋಣೆ. ಸುಲಿದ ಸಿಪ್ಪೆಯನ್ನು ಚೀಲಕ್ಕೆ ತುಂಬಿ, ಬೆನ್ನ ಮೇಲೆ ಹೊತ್ತು, ಉರಿಯುವ ಒಲೆಯ ಬಾಯಿಗೆ ಸುರಿಯಬೇಕು. ಕಿಟಕಿಯಿಲ್ಲದ ಕೋಣೆ. ಗಾಳಿಯ ತುಂಬ ಸಿಪ್ಪೆಯ ಧೂಳು. ಸುರಿದಾಗಲೆಲ್ಲ ಬೆಂಕಿ ಭಗ್ಗೆಂದು ಮುಖಕ್ಕೆ ಬರುತ್ತದೆ. ಬಸುರಿ ಅಂತ ಯಾರೋ ಅಂದಾಗ ಸಾಹುಕಾರ ನಕ್ಕ. “ತಿನ್ನೋವಾಗ ಬಸುರಿ ಇರ್ಲಿಲ್ವಾ? ಸುಲಿಯೋದು ಮುಗಿಯೋವರೆಗೆ ಅಲ್ಲೇ ಇರ್ಲಿ. ಬುದ್ಧಿ ಬರುತ್ತೆ.”

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಇಲ್ಲ, ನಿಂತಿದ್ದರೆ ಎಷ್ಟೋ ವಾಸಿಯಾಗಿತ್ತು. ನಾದಿನಿ ಮಾತಾಡುತ್ತಿದ್ದಳು. “ಮೇಡಂ, ನೀರು ಕಾದಿದೆ.” “ಮೇಡಂ, ನೀವು ಮೊದಲು ಊಟ ಮಾಡಿ.” ಬೈಗುಳವಾದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದಳು. ಈ ಮೇಡಂ ಅನ್ನುವುದು ಒಳಗೆ ಇಳಿದು ಕುಯ್ಯುತ್ತಿತ್ತು. ಅಣ್ಣನಾದವನು ಇಬ್ಬರ ಮುಖವನ್ನೂ ನೋಡಿ, ತಟ್ಟೆಯಲ್ಲಿದ್ದದ್ದನ್ನು ತಿಂದು ಹೊರಗೆ ಹೋಗುತ್ತಿದ್ದ. ಗಂಡಸರಿಗೆ ಹೊರಗೆ ಹೋಗುವುದೊಂದು ಇದೆಯಲ್ಲ.

ನಾದಿನಿಯ ಹುಬ್ಬು ಸುಟ್ಟು ಉದುರಿತು. ಕೆಮ್ಮು ಹತ್ತಿತು. ಕೆಮ್ಮುವಾಗ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಎದ್ದವಳು ಗೋಡೆಗೆ ಕೈ ಕೊಟ್ಟು ನಿಂತು, “ಎರಡು ದಿನದಿಂದ ಅಲುಗಾಡ್ತಾ ಇಲ್ಲ” ಅಂತ ತನ್ನಷ್ಟಕ್ಕೆ ಅಂದಳು. ಅತ್ತಿಗೆಗೆ ಹತ್ತಿರ ಹೋಗಿ ಹೊಟ್ಟೆ ಮುಟ್ಟಿ ನೋಡಬೇಕು ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಮುಟ್ಟುವುದು? ನಾದಿನಿ ಹಾಗೇ ಬಾಯ್ಲರ್ ಕೋಣೆಗೆ ಹೋದಳು. ಅತ್ತಿಗೆ ಹಾಗೇ ಕುರ್ಚಿಗೆ ಹೋದಳು.

ಅಂದು ಅವಳು ಕದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ರಾಶಿಯಿಂದ ಎರಡು ಹಿಡಿ ಬೀಜ ತೆಗೆದು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಬಹಳ ಸುಲಭವಾಗಿತ್ತು. ಸಂಜೆ ಎಲ್ಲರ ಬಾಯಿ ನೋಡಿ, ಬೋಗುಣಿ ತೊಳೆದು ಕವುಚಿಟ್ಟು, ಮೇಸ್ತ್ರಿಯ ಮುಂದೆಯೇ ನಡೆದು ಮನೆಗೆ ಬಂದಳು. ಬೀಜವನ್ನು ಹುರಿದಳು. ಕೋಣೆಯ ತುಂಬ ಘಮ್ಮೆಂದಿತು. ತಟ್ಟೆಗೆ ಹಾಕಿ ನಾದಿನಿಯ ಮುಂದೆ ಇಟ್ಟಳು.

“ತಿನ್ನು ಪುಟ್ಟಿ. ಹೊಟ್ಟೆಯಲ್ಲಿರೋದಕ್ಕೆ ಬೇಕು.”

ನಾದಿನಿ ತಟ್ಟೆ ನೋಡಿದಳು. ಅವಳ ಬಾಯಲ್ಲಿ ನೀರೂರಿದ್ದು ಕಂಡಿತು. ಆಮೇಲೆ ಕಾಲಿನಿಂದ ತಟ್ಟೆಯನ್ನು ದೂರ ತಳ್ಳಿದಳು.

“ಎಲ್ಲಿಂದ ತಂದೆ?”

“ಶೆಡ್ಡಿಂದ.”

“ಯಾರೂ ಹಿಡೀಲಿಲ್ವಾ?”

“ಇಲ್ಲ.”

“ಹೌದಲ್ಲ. ಊರೋರ ಬಾಯೆಲ್ಲ ನೀನು ನೋಡ್ತೀಯ. ನಿನ್ನ ಬಾಯಿ ಯಾರು ನೋಡ್ತಾರೆ?”

ಬಾಗಿಲಲ್ಲಿ ನಿಂತಿದ್ದ ಅಣ್ಣ ಹೊರಗೆ ಹೋದ. ಬೀಜ ನೆಲದ ಮೇಲೆ ಚೆಲ್ಲಾಡಿತ್ತು. ಅತ್ತಿಗೆ ಮಂಡಿಯೂರಿ ಒಂದೊಂದೇ ಹೆಕ್ಕಿದಳು. ಹೆಕ್ಕುವಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕದ್ದದ್ದಕ್ಕಲ್ಲ. ತಿನ್ನುವುದೇ ತಪ್ಪು ಅಂತ ಒಪ್ಪಿಕೊಂಡವಳ ಹಾಗೆ ಕದ್ದದ್ದಕ್ಕೆ. ತಾನು ಬೆಳೆದದ್ದು, ತಾನು ಕಿತ್ತದ್ದು, ತನ್ನ ಉಗುರು ಕಳಕೊಂಡು ಸುಲಿದದ್ದು. ಅದನ್ನು ಸೊಂಟದಲ್ಲಿ ಮುಚ್ಚಿಕೊಂಡು ತಂದಿದ್ದಳು. ಅದೂ ಯಾರಿಗೆ? ತಾನೇ ಬೆಂಕಿಗೆ ಕಳಿಸಿದವಳಿಗೆ.

ಮರುದಿನ ಸಂಜೆ ಅತ್ತಿಗೆ ಕುರ್ಚಿಯ ಹತ್ತಿರ ಬಂದಳು. ಕೂರಲಿಲ್ಲ. ಸಾಲು ಆಗಲೇ ನಿಂತಿತ್ತು. ಮೇಸ್ತ್ರಿ ಬಾಗಿಲಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಅವಳು ನೇರ ರಾಶಿಯ ಹತ್ತಿರ ಹೋದಳು. ಮಂಡಿಯೂರಿದಳು. ಎರಡು ಕೈ ತುಂಬ ಬೀಜ ತೆಗೆದಳು. ಬಿತ್ತನೆಯ ಬೀಜ, ಒಂದೂ ಒಡಕಿಲ್ಲದ್ದು. ಬಾಯಿಗೆ ತುಂಬಿಕೊಂಡಳು. ಕೆನ್ನೆ ಎರಡೂ ಉಬ್ಬಿದವು. ಅಗಿಯತೊಡಗಿದಳು.

ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ. ಕಟಕಟ ಅಗಿಯುವ ಸದ್ದೊಂದೇ.

ಅಗಿಯುತ್ತಲೇ ನಡೆದು ಬಂದು ಸಾಲಿನ ಮುಂದೆ ನಿಂತಳು. ಚೊಂಬಿನಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡಳು. ಮುಕ್ಕಳಿಸಿದಳು. ಕಪ್ಪು ಬೋಗುಣಿಗೆ ಉಗಿದಳು. ಬೋಗುಣಿಯ ತಳ ಕಾಣದ ಹಾಗೆ ಬೆಳ್ಳಗಾಯಿತು.

“ಇದೆ” ಅಂದಳು. “ನೋಡಿ ಮೇಸ್ತ್ರಿ, ಚೆನ್ನಾಗಿ ನೋಡಿ. ನನ್ನ ಬಾಯಲ್ಲೂ ಇದೆ.”

ಮೇಸ್ತ್ರಿಯ ಕಡ್ಡಿ ಕೆಳಗೆ ಬಿತ್ತು. “ಏನೇ, ತಲೆ ಕೆಟ್ಟಿದೆಯಾ ನಿನಗೆ?”

“ಇಷ್ಟು ದಿನ ಕೆಟ್ಟಿತ್ತು. ನನ್ನ ನಾದಿನಿ ತಿಂದಿರ್ಲಿಲ್ಲ. ಹಲ್ಲಲ್ಲಿ ಒಡೆದಿದ್ಲು. ಒಡೆಯೋದು ಕಲಿಸಿದೋಳು ನಾನು. ಗೊತ್ತಿದ್ದೂ ಇದೆ ಅಂದೋಳು ನಾನು. ಕುರ್ಚಿ ಆಸೆಗೆ ಅಂದೆ, ಹೊಟ್ಟೆಪಾಡಿಗೆ ಅಂದೆ, ನಿಮ್ಮ ಸಾಹುಕಾರ್ರ ಹೆದರಿಕೆಗೆ ಅಂದೆ. ತಿಂದಿದ್ರೂ ಏನಾಗ್ತಿತ್ತು? ಬಸುರಿ ಹೆಂಗಸು ಒಂದು ಹಿಡಿ ಬೀಜ ತಿಂದ್ರೆ ಯಾರ ಮನೆ ಮುಳುಗುತ್ತೆ? ಅವರ ಹಸು ತಿನ್ನುತ್ತೆ. ಒಲೆ ತಿನ್ನುತ್ತೆ. ಮಣ್ಣು ಕೂಡ ತಿನ್ನುತ್ತೆ. ನಾವು ತಿಂದ್ರೆ ಮಾತ್ರ ಉಗಿಸಿ ನೋಡ್ತೀರಿ. ಇನ್ನು ನಾನು ಯಾರ ಬಾಯೂ ನೋಡಲ್ಲ.”

ಮೇಸ್ತ್ರಿ ಕೈ ಎತ್ತಿದ. ಎತ್ತಿದ ಕೈ ಇಳಿಯುವ ಮೊದಲೇ ಗೊಣಗಜ್ಜಿ ಸಾಲು ಬಿಟ್ಟು ರಾಶಿಯ ಕಡೆ ಹೊರಟಳು. ಒಂದು ಹಿಡಿ ಬೀಜ ತೆಗೆದು ಬಾಯಿಗೆ ಹಾಕಿಕೊಂಡು ಅತ್ತಿತ್ತ ಹೊರಳಿಸಿದಳು.

“ಹಾಳಾದ್ದು, ಆಸೆ ಪಟ್ಟು ಹಾಕ್ಕೊಂಡೆ, ಅಗಿಯೋಕೆ ಹಲ್ಲೇ ಇಲ್ವಲ್ಲೇ” ಅಂದಳು. “ಯಾರಾದ್ರೂ ಒಂದಿಷ್ಟು ಕುಟ್ಟಿ ಕೊಡ್ರೇ.”

ಯಾರೋ ಕಿಸಕ್ಕೆಂದರು. ಒಬ್ಬಳು ಬಗ್ಗಿ ಒಂದು ಹಿಡಿ ತೆಗೆದಳು. ಇನ್ನೊಬ್ಬಳು ತೆಗೆದಳು. ಆಮೇಲೆ ಸಾಲೇ ಇರಲಿಲ್ಲ. ಎಲ್ಲರೂ ರಾಶಿಯ ಸುತ್ತ ಕೂತಿದ್ದರು. ಬೀಜ ಕದಿಯುವವರ ಹಾಗಲ್ಲ, ಊಟಕ್ಕೆ ಕೂತವರ ಹಾಗೆ ಕೂತಿದ್ದರು. ಶೆಡ್ಡಿನ ತುಂಬ ಅಗಿಯುವ ಸದ್ದು.

ಸುದ್ದಿ ಹೋಗಿ ಸಾಹುಕಾರ ಓಡಿ ಬಂದ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. “ಎಲ್ಲರನ್ನೂ ಓಡಿಸ್ತೀನಿ! ಒಬ್ಬಳೂ ನಾಳೆ ಈ ಬಾಗಿಲು ತುಳೀಕೂಡದು!” ಅಂತ ಕಿರುಚಿದ.

“ಆಯ್ತು ಸಾಹುಕಾರ್ರೆ” ಅಂದಳು ಅತ್ತಿಗೆ. “ಹೊರಗೆ ಇಷ್ಟೆತ್ತರ ಕಾಯಿ ಬಿದ್ದಿದೆ. ಬಿತ್ತೋ ಹೊತ್ತು ಬಂತು. ಮಿಷನ್ನಿಗೆ ಹಾಕಿಸಿ. ಒಡಕು ಬೀಜ ಯಾರು ಕೊಳ್ತಾರೋ ನೋಡೋಣ. ಇಲ್ಲಾಂದ್ರೆ ನೀವೇ ಕೂತು ಸುಲೀರಿ. ಬೆರಳು ಚೆನ್ನಾಗಿದೆಯಲ್ಲ ನಿಮ್ದು.”

ಅವನು ತನಗೆ ತಿಳಿಯದೆ ತನ್ನ ಬೆರಳು ನೋಡಿಕೊಂಡ. ದುಂಡಗೆ, ಮೆತ್ತಗೆ, ಉಗುರಿನ ತುಂಬ ಹೊಳಪು. ಹೆಂಗಸರೆಲ್ಲ ಅದನ್ನು ನೋಡಿದರು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. ಮುಂದೆ ಏನು ಹೇಳಬೇಕು ಅಂತ ಅವನಿಗೆ ಹೊಳೆಯಲಿಲ್ಲ. ನಾಳೆ ಹೊಳೆಯುತ್ತದೆ, ಅಂಥವರಿಗೆ ಹೊಳೆಯದೆ ಇರುವುದಿಲ್ಲ. ಆ ಸಂಜೆ ಮಾತ್ರ ಹೊಳೆಯಲಿಲ್ಲ.

ಅತ್ತಿಗೆ ಬೋಗುಣಿಯನ್ನು ಡ್ರಮ್ಮಿನ ನೀರಲ್ಲಿ ಉಜ್ಜಿ ಉಜ್ಜಿ ತೊಳೆದಳು. ಸೆರಗಿನಿಂದ ಒರೆಸಿದಳು. ಅದರ ತುಂಬ ಬೀಜ ತುಂಬಿದಳು. ಎರಡೂ ಕೈಯಲ್ಲಿ ಎತ್ತಿಕೊಂಡು, ಸಾಹುಕಾರನ ಪಕ್ಕದಿಂದಲೇ ಹಾದು, ಅಂಗಳ ದಾಟಿ ಬಾಯ್ಲರ್ ಕೋಣೆಗೆ ಹೋದಳು. ಹಿಂದೆ ಹೆಂಗಸರೆಲ್ಲ ಬಂದರು.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಗದ್ದಲ ಕೇಳಿ ಬಂದಿರಬೇಕು. ಮುಖದ ತುಂಬ ಮಸಿ. ಹುಬ್ಬಿಲ್ಲದ ಕಣ್ಣು. ಬೆನ್ನ ಮೇಲೆ ಸಿಪ್ಪೆಯ ಚೀಲ ಇನ್ನೂ ಇತ್ತು. ಅತ್ತಿಗೆ ಚೀಲವನ್ನು ಎಳೆದು ಕೆಳಗೆ ಹಾಕಿದಳು. ಬೋಗುಣಿಯನ್ನು ಮುಂದೆ ಹಿಡಿದಳು. ಕ್ಷಮಿಸು ಅನ್ನಬೇಕು ಅಂತಿದ್ದಳು. ಬೋಗುಣಿಯನ್ನು ಇನ್ನಷ್ಟು ಮುಂದೆ ಚಾಚಿದಳು.

ನಾದಿನಿ ಬೋಗುಣಿಯನ್ನು ನೋಡಿದಳು. ಆಮೇಲೆ ಕೈ ಹಾಕಿ ಒಂದು ಹಿಡಿ ತೆಗೆದಳು. ಎಲ್ಲರೂ ನೋಡುತ್ತಿದ್ದ ಹಾಗೆ ಮೆಲ್ಲಗೆ ಅಗಿದಳು. ನುಂಗಿದಳು. ಮತ್ತೊಂದು ಹಿಡಿ ತೆಗೆದಳು, ಅದನ್ನೂ ನುಂಗಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅಲ್ಲಿ ಏನಾದರೂ ಅಲುಗಾಡಿತೋ ಇಲ್ಲವೋ, ಅವಳ ಮುಖದಿಂದ ತಿಳಿಯುವಂತಿರಲಿಲ್ಲ. ಕೇಳುವ ಧೈರ್ಯ ಅತ್ತಿಗೆಗೆ ಇರಲಿಲ್ಲ.

ಆಮೇಲೆ ನಾದಿನಿ ಒಂದು ಹೆಜ್ಜೆ ಹತ್ತಿರ ಬಂದಳು. ಅತ್ತಿಗೆಯ ಮುಖದ ಎದುರಿಗೇ ತನ್ನ ಬಾಯಿಯನ್ನು ಅಗಲವಾಗಿ ತೆರೆದಳು. ಹಲ್ಲಿನ ಸಂದಿಯಲ್ಲೆಲ್ಲ ಬಿಳಿ. ನಾಲಿಗೆ ಎತ್ತಿ ಅಡಿಯನ್ನೂ ತೋರಿಸಿದಳು.

“ನೋಡು ಅತ್ತಿಗೆ” ಅಂದಳು. “ಇದೆಯೋ, ಇಲ್ವೋ?”

ಅಷ್ಟು ದಿನದ ಮೇಲೆ ಅವಳ ಬಾಯಿಂದ ಅತ್ತಿಗೆ ಅನ್ನುವ ಮಾತು ಬಂದಿತ್ತು. ಊರವರ ಬಾಯೆಲ್ಲ ನೋಡಿದವಳಿಗೆ ಆ ಒಂದು ಬಾಯನ್ನು ನೋಡಲು ಆಗಲಿಲ್ಲ. ಅತ್ತಿಗೆ ತಲೆ ತಗ್ಗಿಸಿ ಬೋಗುಣಿ ಹಿಡಿದುಕೊಂಡು ನಿಂತಳು.